ಬೆಕ್ಕಿಗೆ ಹೇಳಿ ಅಳಿಯನಿಗೆ ತಿಳಿಸಿದ್ದು

ನಮ್ಮತ್ತೆ ನನ್ನ ಜೊತೆ ಮಾತಾಡುತ್ತಿದ್ದದ್ದು ಬೆಕ್ಕಿನ ಮೂಲಕ. ತಮಾಷೆಗೆ ಹೇಳುತ್ತಿಲ್ಲ. ಅಳಿಯನ ಮುಖ ನೋಡಿ ಅತ್ತೆ ಮಾತಾಡಬಾರದು ಅನ್ನುವುದು ಅವರ ತವರಿನ ಕಟ್ಟಳೆ. ತವರು ಸೋಮನಾಥಪುರದ ಆಚೆಗಿನ ಒಂದು ಹಳ್ಳಿ. ಆ ಹಳ್ಳಿಯಲ್ಲೇ ಈಗ ಯಾರೂ ಅದನ್ನು ಪಾಲಿಸುವುದಿಲ್ಲ. ಅಲ್ಲಿಯ ಅತ್ತೆಯರು ಅಳಿಯಂದಿರ ಬೈಕಿನ ಹಿಂದೆ ಕೂತು, ದಾರಿಯುದ್ದಕ್ಕೂ ಅವರಿಗೆ ಬುದ್ಧಿ ಹೇಳುತ್ತಾ ಟಿ. ನರಸೀಪುರಕ್ಕೆ ಹೋಗಿ ಬರುತ್ತಾರೆ. ಮದುವೆಯಾಗಿ ನಂಜನಗೂಡಿಗೆ ಬಂದ ನಮ್ಮತ್ತೆ ಮಾತ್ರ ಆ ಕಟ್ಟಳೆಯನ್ನು ತವರಿನ ಉಪ್ಪಿನಕಾಯಿ ಜಾಡಿಯ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದರು.

ನಾನು ಮನೆ ಅಳಿಯ. ಈ ಮಾತು ಕೇಳಿದ ಕೂಡಲೇ ಕೆಲವರು ಮೀಸೆಯಡಿ ನಗುತ್ತಾರೆ, ನಗಲಿ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಆದರು, ನನ್ನ ಕೆಲಸ ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ, ಅವರ ಮನೆ ನಂಜನಗೂಡಲ್ಲೇ ಇತ್ತು, ಬಂದು ಸೇರಿಕೊಂಡೆ. ಹೆಂಡತಿಗೆ ಟಿ. ನರಸೀಪುರದ ಒಂದು ಸಹಕಾರ ಸಂಘದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಅವಳು ಮನೆಯಲ್ಲಿ ಇರುವಷ್ಟು ಹೊತ್ತು ತೊಂದರೆ ಇಲ್ಲ. ಅತ್ತೆ ಅವಳಿಗೆ ಹೇಳುತ್ತಿದ್ದರು, ಅವಳು ನನಗೆ ಹೇಳುತ್ತಿದ್ದಳು, ಅಲ್ಲೇ ಎರಡು ಮೊಳ ದೂರದಲ್ಲಿ ಕೂತ ನಾನು ಆಗ ತಾನೇ ಕೇಳಿಸಿಕೊಂಡವನ ಹಾಗೆ ತಲೆಯಾಡಿಸುತ್ತಿದ್ದೆ. ಎರಡನೇ ಶಿಫ್ಟಿನ ವಾರ ಬಂದರೆ ಮಾತ್ರ ಫಜೀತಿ. ಆಗ ಮಧ್ಯಾಹ್ನದವರೆಗೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ.

ಮೊದಮೊದಲು ಅವರು ನಡುಮನೆಯ ಕಂಬದ ಜೊತೆ ಮಾತಾಡುತ್ತಿದ್ದರು. ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು, ಸೆರಗು ತಲೆ ಮೇಲೆ ಎಳೆದುಕೊಂಡು, "ಕಾಪಿ ಆರೋಯ್ತದೆ" ಎಂದು ಕಂಬಕ್ಕೆ ಹೇಳುವರು. ಕಂಬ ಕಾಫಿ ಕುಡಿಯುವುದಿಲ್ಲವಾದ್ದರಿಂದ ನಾನೇ ಎದ್ದು ಹೋಗಿ ಕುಡಿಯುತ್ತಿದ್ದೆ. ನಾನು ತಲಕಾಡಿನ ಕಡೆಯವನು. ನಮ್ಮ ಮನೆಯಲ್ಲಿ ಮಾತು ಅಂದರೆ ಎಲ್ಲರೂ ಒಟ್ಟಿಗೆ ಕಿರುಚುವುದು, ಯಾರ ದನಿ ಕೊನೆಗೆ ಉಳಿಯಿತೋ ಅವರದು ಸರಿ. ಅಲ್ಲಿಂದ ಬಂದವನಿಗೆ ಈ ಕಂಬದ ಸಹವಾಸ ಎಷ್ಟು ದಿನ ತಡೆದೀತು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. "ನಿಮ್ಮಮ್ಮನ ಕಣ್ಣಿಗೆ ನಾನೇನು ಕಂಬವಾ?" ಎಂದು ಹೆಂಡತಿಯ ಮೇಲೆ ಎಗರಾಡಿದೆ. "ರೀ, ಅದು ಮರ್ಯಾದೆ ಕಣ್ರೀ" ಅಂದಳು. ಮರ್ಯಾದೆ ಕೊಡುವವರ ಮೇಲೆ ಹೇಗೆ ಸಿಟ್ಟು ಮಾಡುವುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬೆಕ್ಕು ಬಂತು. ಹಿತ್ತಲ ಗೋಡೆ ಹಾರಿ ಬಂದ ಹಳದಿ ಬಣ್ಣದ ಗಂಡು ಮರಿ. ಅತ್ತೆ ಒಂದು ತಟ್ಟೆ ಹಾಲನ್ನ ಇಟ್ಟರು, ಅದು ವಾಪಸ್ಸು ಹೋಗಲಿಲ್ಲ. ಅತ್ತೆ ಕಂಬವನ್ನು ಬಿಟ್ಟು ಬೆಕ್ಕನ್ನು ಹಿಡಿದರು. "ಲೋ, ಊಟಕ್ಕೆ ಇಟ್ಟೈತೆ ಅಂತ ಏಳ್ಲಾ." ಬೆಕ್ಕು ನನ್ನ ಕಡೆ ನೋಡುತ್ತಿತ್ತು, ನಾನು ಏಳುತ್ತಿದ್ದೆ. ನಾನೂ ಅದೇ ದಾರಿ ಹಿಡಿದೆ. "ಸಾರು ಚೆನ್ನಾಗಿತ್ತು ಅಂತ ಹೇಳೋ" ಎಂದು ಬೆಕ್ಕಿಗೆ ಹೇಳಿ ಕೈತೊಳೆಯಲು ಹೋಗುತ್ತಿದ್ದೆ. ಕಂಬಕ್ಕಿಂತ ಇದು ಎಷ್ಟೋ ವಾಸಿ. ಬೆಕ್ಕಿಗೆ ಕಿವಿಯಾದರೂ ಇದೆ.

ಈ ಏರ್ಪಾಡಿಗೆ ಒಂದು ವ್ಯಾಕರಣವೂ ಇತ್ತು. ಅತ್ತೆ ಬೆಕ್ಕಿನ ಕಡೆಗೇ ನೋಡಿ ಮಾತಾಡಿದರೂ ಬಹುವಚನ ಬಂದರೆ ಅದು ನನಗೆ, ಏಕವಚನ ಬಂದರೆ ಬೆಕ್ಕಿಗೆ. "ಏಳಿ, ಬಿಸ್ಲು ಬಂತು" ಅಂದರೆ ನಾನು ಏಳಬೇಕು. "ಏಳ್ಲಾ, ಬಿಸ್ಲು ಬಂತು" ಅಂದರೆ ಬೆಕ್ಕು ಏಳಬೇಕು. ಒಂದೆರಡು ಸಲ ನಿದ್ದೆಗಣ್ಣಲ್ಲಿ ನಾನು ಏಕವಚನಕ್ಕೆ ಎದ್ದು ಕೂತದ್ದೂ ಉಂಟು, ಬೆಕ್ಕು ಬಹುವಚನಕ್ಕೆ ಮೈಮುರಿದು ಎದ್ದದ್ದೂ ಉಂಟು. ದಿನಾ ಬೆಳಿಗ್ಗೆ ನಾನು ಉಪ್ಪಿಟ್ಟೋ ರೊಟ್ಟಿಯೋ ತಿಂದಾದ ಮೇಲೆ ಮರ್ಯಾದೆಗೆ ಬೆಕ್ಕಿನ ಕಡೆ ನೋಡಿ "ತಿಂಡಿ ಆಯ್ತಾ?" ಅನ್ನುತ್ತಿದ್ದೆ. ಅದು ಅತ್ತೆಯನ್ನು ಕೇಳಿದ್ದು. ಒಳಗಿನಿಂದ "ಆಯ್ತು ಅನ್ಲಾ" ಎಂದು ಉತ್ತರ ಬರುತ್ತಿತ್ತು. ಹೀಗೆ ವರ್ಷಗಟ್ಟಲೆ ಸಂಸಾರ ಸಾಗಿತು, ಜಗಳವಿಲ್ಲ, ತಂಟೆಯಿಲ್ಲ.

ಬೆಕ್ಕಿಗೆ ಏಳು ವರ್ಷವಾದಾಗ ಅದು ನೀರು ಕುಡಿಯಲು ಶುರು ಮಾಡಿತು. ಕುಡಿಯುವುದೆಂದರೆ ಸುಮ್ಮನೆ ಕುಡಿಯುವುದಲ್ಲ. ತನ್ನ ಬಟ್ಟಲು ಮುಗಿಸಿ, ಬಚ್ಚಲ ಬಕೆಟ್ಟಿಗೆ ತಲೆ ಹಾಕಿ, ಆಮೇಲೆ ಅತ್ತೆಯ ಪೂಜೆಯ ತಂಬಿಗೆಗೂ ಬಾಯಿ ಹಾಕಿತು. ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಗೋಡೆ ಹಾರುತ್ತಿದ್ದ ಪ್ರಾಣಿ ಮಂಚ ಹತ್ತಲು ಎರಡು ಸಲ ಯೋಚಿಸುತ್ತಿತ್ತು. ಅತ್ತೆ ದೃಷ್ಟಿ ತೆಗೆದರು. ಅದಕ್ಕೂ ಜಗ್ಗಲಿಲ್ಲ.

ಹೆಂಡತಿ ಟಿ. ನರಸೀಪುರದಲ್ಲಿ ಒಬ್ಬ ಡಾಕ್ಟರನ್ನು ಹುಡುಕಿದಳು. ಆಯುಸ್ಸೆಲ್ಲ ಹಸು ಎಮ್ಮೆ ನೋಡಿ ನಿವೃತ್ತರಾಗಿ, ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾಯಿ ಬೆಕ್ಕು ನೋಡುತ್ತಿದ್ದವರು. ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ನಾವಿಬ್ಬರೂ ಬಸ್ಸಿಗೆ ಹೊರಟೆವು. ಹೊಸಿಲಲ್ಲಿ ನಿಂತ ಅತ್ತೆ ಬುಟ್ಟಿಗೆ "ಉಸಾರಾಗಿ ಓಗ್ಬನ್ನಿ" ಅಂದರು, ಅದು ನನಗೆ. ಆಮೇಲೆ "ಎದ್ರುಕೋಬ್ಯಾಡ ಕಣ್ಲಾ" ಅಂದರು, ಅದು ಬೆಕ್ಕಿಗೆ.

ಬಸ್ಸಲ್ಲಿ ಕಂಡಕ್ಟರು ಬುಟ್ಟಿಯನ್ನು ನೋಡಿ, "ಒಳಗಿರೋದು ಗಂಡೋ ಹೆಣ್ಣೋ?" ಅಂದ. ಗಂಡು ಅಂದೆ. "ಹೆಣ್ಣಾಗಿದ್ರೆ ಫ್ರೀ ಬಿಡ್ತಿದ್ದೆ. ಗಂಡಾದ್ರೆ ಟಿಕೆಟ್ ತಗೋಬೇಕಾಯ್ತದೆ ಸಾ." ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಅವನ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ನನಗೆ ಸಿಟ್ಟು ಬಂದು ಎರಡು ಟಿಕೆಟ್ ಕೇಳಿಯೇಬಿಟ್ಟೆ. ಹೆಂಡತಿ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಬುಟ್ಟಿಯೊಳಗಿನವನು ದಾರಿಯುದ್ದಕ್ಕೂ ಎಲ್ಲರಿಗೂ ಕೇಳುವ ಹಾಗೆ ನಮ್ಮ ಮಾನ ಹರಾಜು ಹಾಕಿದ.

ಡಾಕ್ಟರು ಬೆಕ್ಕಿನ ಹೊಟ್ಟೆ ಅದುಮಿ ನೋಡುತ್ತಾ, "ಮೇವು ತಿಂತಾ ಇದೆಯಾ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. "ಅಭ್ಯಾಸ ಬಲ" ಅಂದು ಅವರೇ ನಕ್ಕರು. ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆದು, ಮನುಷ್ಯರ ಸಕ್ಕರೆ ನೋಡುವ ಮೀಟರಿಗೆ ಕೊಟ್ಟರು. ಪರದೆಯ ಮೇಲೆ ಅಂಕಿ ಬರಲಿಲ್ಲ, ಇಂಗ್ಲಿಷಿನ ಎರಡು ಅಕ್ಷರ ಬಂದವು. "ಹಾಯ್ ಅಂತಿದೆ" ಅಂದಳು ಹೆಂಡತಿ. ಸಕ್ಕರೆ ಮೀಟರಿನ ಲೆಕ್ಕಕ್ಕೂ ಸಿಗದಷ್ಟು ಏರಿದರೆ ಅದು ಹಾಗೆ ತೋರಿಸುತ್ತದಂತೆ. ಸಾಯುವಷ್ಟು ಕಾಯಿಲೆಯನ್ನು ಇಷ್ಟು ಆತ್ಮೀಯವಾಗಿ ತಿಳಿಸುವ ಯಂತ್ರವನ್ನು ನಾನು ಇನ್ನೊಂದು ನೋಡಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಹಾಲನ್ನ, ಮೊಸರನ್ನ, ಪಾಯಸ ಎಲ್ಲ ಬಂದ್. ಬೆಕ್ಕಿಗೆ ಬೆಕ್ಕಿನ ಆಹಾರ ಹಾಕಬೇಕು. ಬೆಳಿಗ್ಗೆ ಸಂಜೆ ಇನ್ಸುಲಿನ್, ಮನುಷ್ಯರದ್ದೇ, ಒಂದೊಂದು ಯೂನಿಟ್ಟಿಂದ ಶುರು. ಆಗಾಗ ಕಿವಿ ಚುಚ್ಚಿ ನೋಡಿ ಫೋನು ಮಾಡಬೇಕು, ಅವರು ಅರ್ಧರ್ಧ ಯೂನಿಟ್ ಏರಿಸುತ್ತಲೋ ಇಳಿಸುತ್ತಲೋ ಹೋಗುತ್ತಾರೆ. "ಒಂದು ಮಾತ್ರ ನೆನಪಿಟ್ಕೊಳ್ಳಿ. ಹೊಟ್ಟೆಗೆ ಬೀಳದೆ ಸೂಜಿ ಬೀಳಕೂಡದು. ಸಕ್ಕರೆ ಜಾಸ್ತಿ ಆದ್ರೆ ನಿಧಾನಕ್ಕೆ ಕೊಲ್ಲುತ್ತೆ. ಕಮ್ಮಿ ಆದ್ರೆ ಕಾಫಿ ಕುಡಿಯೋಷ್ಟ್ರಲ್ಲಿ ಕೊಲ್ಲುತ್ತೆ."

ವಾಪಸ್ಸು ಬರುವಾಗ ನಾನು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೆಕ್ಕಿನ ಮೇಲಿನ ಪ್ರೀತಿಗಿಂತ ಭಯ ಜಾಸ್ತಿ ಇತ್ತು. ಇದು ಹೋದರೆ ನಾನೂ ಅತ್ತೆಯೂ ಮತ್ತೆ ಕಂಬದ ಪಾಲು. ಅಥವಾ ಅದೂ ಇಲ್ಲ. ಇಷ್ಟು ವರ್ಷ ಮಾತಾಡಿದ ಮೇಲೆ ಯಾರು ತಾನೇ ಮತ್ತೆ ಕಂಬಕ್ಕೆ ಹೋಗುತ್ತಾರೆ? ಮನೆ ಮೂಕವಾಗುತ್ತದೆ. ಅತ್ತೆಗೆ ಮಗಳು ಬಿಟ್ಟರೆ ದಿನವೆಲ್ಲ ಮಾತಿಗೆ ಸಿಗುವ ಜೀವ ಇದೊಂದೇ. ಬೆಕ್ಕು ಬದುಕಬೇಕು, ಬೇರೆ ದಾರಿಯಿಲ್ಲ ಎಂದು ಬಸ್ಸಲ್ಲೇ ತೀರ್ಮಾನ ಮಾಡಿಕೊಂಡೆ.

ನಮ್ಮದು ಈರುಳ್ಳಿಯನ್ನೇ ಸೋಮವಾರ ಮುಟ್ಟದ ಮನೆ. ಲಿಂಗಪೂಜೆಯನ್ನು ಅತ್ತೆ ಒಂದು ದಿನವೂ ತಪ್ಪಿಸಿದವರಲ್ಲ. ಅಂಥ ಮನೆಗೆ ಮೀನಿನ ಚಿತ್ರವಿರುವ ಬೆಕ್ಕಿನ ಆಹಾರದ ಪೊಟ್ಟಣ ಬಂತು. ಅತ್ತೆ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು, ಕಾಳಿನ ಹಳೆ ಡಬ್ಬಿಗೆ ಸುರಿದು, ಚಿತ್ರವಿದ್ದ ಪೊಟ್ಟಣವನ್ನು ಒಲೆಗೆ ಹಾಕಿದರು. "ಅದರೊಳಗೆ ಏನೈತೆ ಅಂತ ಯಾರೂ ಏಳ್ಬಾರ್ದಂತೆ" ಎಂದು ಬೆಕ್ಕಿಗೆ ಅಪ್ಪಣೆ ಮಾಡಿದರು. ಯಾರೂ ಹೇಳಲಿಲ್ಲ. ಆ ಡಬ್ಬಿ ಅಡುಗೆಮನೆಯ ಹೊಸಿಲಿನ ಹೊರಗೆ, ಹಿತ್ತಲ ಗೂಡಿನಲ್ಲಿ ಉಳಿಯಿತು. ಊಟ ಹಾಕುವ ಕೆಲಸ ಅತ್ತೆಯದು. ಸೂಜಿ ನನ್ನದು, ಏಕೆಂದರೆ ಅತ್ತೆ ಸೂಜಿ ಕಂಡರೆ ಗೋಡೆ ಕಡೆ ತಿರುಗುತ್ತಿದ್ದರು, ಹೆಂಡತಿಗೆ ಬೆಳಿಗ್ಗೆ ಬಸ್ಸಿನ ಹೊತ್ತು. ನಾನು ಶಿಫ್ಟಿನಲ್ಲಿದ್ದ ಸಂಜೆಗಳಲ್ಲಿ ಮಾತ್ರ ಅವಳು ಹಾಕುತ್ತಿದ್ದಳು.

ಇನ್ಸುಲಿನ್ ತರಲು ಔಷಧಿ ಅಂಗಡಿಗೆ ಹೋದರೆ ಅಲ್ಲಿಯ ಹೆಂಗಸು ಚೀಟಿ ನೋಡಿ, "ಪೇಷೆಂಟಿಗೆ ಎಷ್ಟು ವಯಸ್ಸು?" ಅಂದರು. ಏಳು ಅಂದೆ. ಅವರ ಕಣ್ಣು ತುಂಬಿದವು. "ಅಯ್ಯೋ ಶಿವನೇ, ಇಷ್ಟು ಚಿಕ್ಕವನಿಗೇ?" ಆಗಲೇ ಹೇಳಬೇಕಿತ್ತು, ಹಿಂದೆ ನಾಲ್ಕು ಜನ ನಿಂತಿದ್ದರು, ಹೇಳಲಿಲ್ಲ. ಮುಂದಿನ ಸಲ ಹೋದಾಗ "ಸ್ಕೂಲಿಗೆ ಹೋಗ್ತಾನಾ?" ಎಂದು ಕೇಳಿದರು. "ಇಲ್ಲ, ಮನೇಲೇ ಮಲಗಿರ್ತಾನೆ" ಅಂದೆ. ಅದಾದ ಮೇಲೆ ಆಕೆ ನಂಜುಂಡೇಶ್ವರನಿಗೆ ಅವನ ಹೆಸರಲ್ಲಿ ಹರಕೆ ಹೊತ್ತರಂತೆ. ಸುಳ್ಳು ಬೆಳೆದು ಇಷ್ಟು ದೊಡ್ಡದಾದ ಮೇಲೆ ನಾನು ಅಂಗಡಿಯನ್ನೇ ಬದಲಾಯಿಸಿದೆ.

ಮೊದಮೊದಲು ಕಿವಿ ಚುಚ್ಚುವುದು ಒಂದು ಯುದ್ಧವಾಗಿತ್ತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ, ರಕ್ತ ಇಳಿದ ಮೇಲೆ ಅಂಚಿನಲ್ಲಿ ಚುಚ್ಚಬೇಕು. ಹನಿ ಬರುವಷ್ಟರಲ್ಲಿ ಅದು ತಲೆ ಕೊಡವಿದರೆ ರಕ್ತ ನನ್ನ ಬನಿಯನ್ನಿಗೆ, ಮೀಟರಿಗೆ ಸಿಕ್ಕಿಸುವ ಪಟ್ಟಿ ದಂಡ. ಕಾರ್ಖಾನೆಯಲ್ಲಿ ನನ್ನ ಕೆಲಸ ಮೀಟರು ನೋಡಿ ಮಾಲು ಪಾಸು ಮಾಡುವುದು. ಅಲ್ಲಿಯ ಯಾವ ಮಾಲೂ ನನ್ನನ್ನು ಪರಚಿರಲಿಲ್ಲ. ಸೂಜಿ ಹಾಕುವುದೇ ವಾಸಿ, ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಹಾಕಿದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಬೀದಿಯವರೆಲ್ಲ ವೈದ್ಯರಾದರು. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಇಲ್ಲ, ಹಾಗಾಗಿ ಅನುಭವಕ್ಕೆ ಕೊರತೆಯೂ ಇಲ್ಲ. ಒಬ್ಬರು ಮೆಂತ್ಯ ನೆನೆಸಿದ ನೀರು ಅಂದರು, ಇನ್ನೊಬ್ಬರು ನೇರಳೆ ಬೀಜದ ಪುಡಿ ಕಟ್ಟಿ ಕಳಿಸಿದರು. ಎದುರುಮನೆಯ ಮೇಷ್ಟ್ರು ಬೆಕ್ಕಿಗೆ ಬೆಳಿಗ್ಗೆ ಹೊತ್ತು ನಡಿಗೆ ಒಳ್ಳೆಯದು ಅಂದರು. ಅತ್ತೆ ಹಾಗಲಕಾಯಿ ರಸ ಹಿಂಡಿ ಬಟ್ಟಲಿಗೆ ಹಾಕಿದ ದಿನ, ಮಂಚ ಹತ್ತಲು ಯೋಚಿಸುತ್ತಿದ್ದ ಬೆಕ್ಕು ಅದೆಲ್ಲಿಂದ ಬಲ ಬಂತೋ ಸೂರು ಹತ್ತಿ ಕೂತಿತು. ಎಷ್ಟು ಕರೆದರೂ ಇಳಿಯಲಿಲ್ಲ. ಅವತ್ತು ಮಧ್ಯಾಹ್ನದವರೆಗೆ ನಾವಿಬ್ಬರೂ ಅಂಗಳದಲ್ಲಿ ನಿಂತು, ಸೂರಿನ ಕಡೆ ತಲೆಯೆತ್ತಿ ಒಬ್ಬರಿಗೊಬ್ಬರು ಸುದ್ದಿ ಹೇಳಿಕೊಂಡೆವು.

ಸಕ್ಕರೆ ಇಳಿಯುತ್ತಾ ಬಂತು. ಮುನ್ನೂರ ಎಂಬತ್ತು, ಮುನ್ನೂರ ಹತ್ತು, ಇನ್ನೂರ ಅರವತ್ತು. ಡಾಕ್ಟರು ಫೋನಿನಲ್ಲೇ ಅರ್ಧ ಯೂನಿಟ್ ಏರಿಸಿದರು, ಆಮೇಲೆ ಇನ್ನರ್ಧ. ಬೆಕ್ಕು ಮತ್ತೆ ಮಂಚ ಹತ್ತಿತು. ಅತ್ತೆ ದಿನಾ ಅಂಕಿ ಕೇಳಿಸಿಕೊಂಡು ಪಕ್ಕದ ಮನೆಗೆ ಹೋಗಿ ಹೇಳುತ್ತಿದ್ದರು. ಪಕ್ಕದ ಮನೆಯಾಕೆಗೂ ಸಕ್ಕರೆ ಇತ್ತು. "ನಮ್ಮುಡುಗಂದು ಇನ್ನೂರ ನಲವತ್ತಕ್ಕೆ ಬಂತು. ನಿಂದೆಷ್ಟವ್ವ?" ಆಕೆ ಕೆಲವು ದಿನ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು.

ಹೀಗಿರುವಾಗ ಆ ಸೋಮವಾರ ಬಂತು.

ಅವತ್ತು ನಲ್ಲಿಯಲ್ಲಿ ನೀರು ತಡವಾಗಿ ಬಂತು. ಬೇರೆ ದಿನ ಅತ್ತೆ ಎದ್ದು ಬೆಕ್ಕಿಗೆ ಹಾಕಿ, ಆಮೇಲೆ ಸ್ನಾನ, ಪೂಜೆ. ಅವತ್ತು ನೀರು ನಿಂತುಹೋದೀತೆಂದು ಮೊದಲು ತಲೆಗೆ ಸ್ನಾನ ಮಾಡಿಬಿಟ್ಟರು. ಸ್ನಾನವಾದ ಮೇಲೆ ಮೀನಿನ ಡಬ್ಬಿ ಮುಟ್ಟುವ ಹಾಗಿಲ್ಲವಲ್ಲ, ಪೂಜೆ ಮುಗಿಸಿ ಹಾಕಿದರಾಯಿತು ಅಂದುಕೊಂಡರು. ಇದು ನನಗೆ ಗೊತ್ತಾದದ್ದು ಆಮೇಲೆ. ನಾನು ಮೀಟರಿನ ಪಟ್ಟಿ ತರಲು ಅಂಗಡಿಗೆ ಹೋಗಿದ್ದೆ. ಬಂದಾಗ ಹೆಂಡತಿ ಹೊರಟಾಗಿತ್ತು, ನನ್ನ ತಿಂಡಿ ಮುಚ್ಚಿಟ್ಟಿತ್ತು, ಬೆಕ್ಕು ಜಗಲಿಯಲ್ಲಿ ಬಿಸಿಲಿಗೆ ಮೈಕೊಟ್ಟು ಮಲಗಿತ್ತು. ಅದರ ತಟ್ಟೆ ಖಾಲಿಯಿತ್ತು. ತಿಂದು ಖಾಲಿಯೋ, ಹಾಕದೆ ಖಾಲಿಯೋ, ತಟ್ಟೆ ನೋಡಿದರೆ ಹೇಗೆ ತಿಳಿಯಬೇಕು.

ನಾನು ಉಪ್ಪಿಟ್ಟು ತಿಂದು, ಸಿರಿಂಜಿಗೆ ಎರಡು ಯೂನಿಟ್ ಎಳೆದುಕೊಂಡು, ಬೆಕ್ಕಿನ ಕಡೆ ನೋಡಿ ಕೇಳಿದೆ.

"ತಿಂಡಿ ಆಯ್ತಾ?"

ಒಳಗಿನಿಂದ ಅತ್ತೆಯ ದನಿ ಬಂತು. "ಊ ಕಣ್ಲಾ, ಆಗ್ಲೇ ಆಯ್ತು ಅನ್ನು."

ಈ 'ಆಯ್ತು' ಅನ್ನುವ ಮಾತನ್ನು ಕನ್ನಡದಲ್ಲಿ ಯಾರು ಹುಟ್ಟಿಸಿದರೋ, ಸಿಕ್ಕಿದರೆ ನಾನು ಅವರ ಜೊತೆ ಎರಡು ಮಾತಾಡಬೇಕು. ಅದರಲ್ಲಿ ಏಕವಚನವಿಲ್ಲ, ಬಹುವಚನವಿಲ್ಲ. ಗಂಡು ಹೆಣ್ಣು ಪ್ರಾಣಿ ಯಾವುದೂ ಇಲ್ಲ. ತಿಂದೆಯಾ ಅಂದಿದ್ದರೆ ಬೆಕ್ಕು, ತಿಂದಿರಾ ಅಂದಿದ್ದರೆ ಅತ್ತೆ. ನಮ್ಮ ಮನೆಯ ಅಷ್ಟು ವರ್ಷದ ವ್ಯಾಕರಣವೆಲ್ಲ ಆ ಒಂದು ಮಾತಿನಲ್ಲಿ ಕಾಲುಜಾರಿ ಬಿತ್ತು. ಅವತ್ತು ನಾನು ಕೇಳಿದ್ದು ಬೆಕ್ಕಿನ ತಿಂಡಿಯನ್ನು. ಅತ್ತೆ ಉತ್ತರ ಕೊಟ್ಟದ್ದು ದಿನದ ಹಾಗೆ ತಮ್ಮ ತಿಂಡಿಗೆ. ಹೊಟ್ಟೆಗೆ ಬಿದ್ದಿದೆ ಎಂದು ನಾನು ಧೈರ್ಯವಾಗಿ ಸೂಜಿ ಹಾಕಿ, ಸಿರಿಂಜು ಬಿಸಾಡಿ, ಪೇಪರ್ ಹಿಡಿದು ಕೂತೆ. ಅತ್ತೆ ಪೂಜೆಗೆ ಕೂತರು. ಸೋಮವಾರದ ಪೂಜೆ ಬೇಗ ಮುಗಿಯುವುದಲ್ಲ.

ನಾನು ಶಿಫ್ಟಿಗೆ ಹೊರಡಲು ಸ್ನಾನಕ್ಕೆ ಹೋದಾಗ ಅತ್ತೆ ಬೆಕ್ಕಿನ ಡಬ್ಬಿ ತೆಗೆದಿದ್ದಾರೆ. ಡಬ್ಬಿಯ ಸದ್ದಿಗೆ ಬೀದಿಯಾಚೆಯಿಂದಲೂ ಓಡಿಬರುವ ಪ್ರಾಣಿ ಅವತ್ತು ತಲೆ ಮಾತ್ರ ಎತ್ತಿದೆ. ಎದ್ದು ನಾಲ್ಕು ಹೆಜ್ಜೆ ಬಂದು, ಹಿಂಗಾಲು ಮಡಿಸಿ ಗೋಡೆಗೆ ಒರಗಿ, ಹಾಗೇ ಜಾರಿ ಮಲಗಿದೆ. ಬಚ್ಚಲಲ್ಲಿದ್ದ ನನಗೆ ಅತ್ತೆಯ ದನಿ ಕೇಳಿಸಿತು. "ಲೋ, ಏಳ್ಲಾ. ಅವ್ರನ್ನ ಕರಿಯೋ. ಕರಿಯೋ ಲೋ." ಬೆಕ್ಕನ್ನೇ ಕರೆದು, ನನ್ನನ್ನು ಕರೆಯಲು ಬೆಕ್ಕಿಗೇ ಹೇಳುತ್ತಿದ್ದರು. ಆಮೇಲೆ ಬಚ್ಚಲ ಬಾಗಿಲಿಗೆ ಸೌಟಿನಲ್ಲಿ ಬಡಿಯುವ ಸದ್ದು. ನನ್ನನ್ನು ಏನೆಂದು ಕರೆಯಬೇಕು ಅಂತ ಅವರಿಗೆ ಗೊತ್ತಿರಲಿಲ್ಲ, ಯಾವತ್ತೂ ಕರೆದಿರಲಿಲ್ಲ.

"ಬನ್ನಿ" ಅಂದರು ಬಾಗಿಲಿಗೆ. "ಬೆಕ್ಕು ಓಯ್ತಾ ಐತೆ."

ಟವಲು ಸುತ್ತಿಕೊಂಡು ಓ‌ಡಿ ಬಂದೆ. ಬೆಕ್ಕಿನ ಕಣ್ಣು ತೆರೆದಿತ್ತು, ಆದರೆ ಅದು ಏನನ್ನೂ ನೋಡುತ್ತಿರಲಿಲ್ಲ. ಕಿವಿ ತಣ್ಣಗಿತ್ತು. ಚುಚ್ಚಿದರೆ ತಲೆ ಕೊಡವಲೂ ಇಲ್ಲ. ಮೀಟರಿನಲ್ಲಿ ಈ ಸಲವೂ ಎರಡು ಅಕ್ಷರ.

"ಏನಂತದೆ?" ಅಂದರು ಅತ್ತೆ.

"ಲೋ ಅಂತಿದೆ."

"ಅದ್ಯಾಕೆ ಅದೂ ಕರೀತದೆ?" ಅಂದರು ಗಾಬರಿಯಲ್ಲಿ. ಅವರಿಗೆ ಹೇಗೆ ಬಿಡಿಸಿ ಹೇಳುವುದು. ಸಕ್ಕರೆ ಲೆಕ್ಕಕ್ಕೆ ಸಿಗದಷ್ಟು ಇಳಿದುಹೋಗಿದೆ ಅಂದೆ. ಹೆಂಡತಿಗೆ ಫೋನು ಮಾಡಿದೆ, ಅವಳು ಡಾಕ್ಟರನ್ನು ಅದೇ ಫೋನಿಗೆ ಸೇರಿಸಿದಳು. "ಜೇನುತುಪ್ಪ ಇದ್ರೆ ವಸಡಿಗೆ ಸವರಿ. ಗಂಟಲಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ. ಸವರ್ತಾ ಇರಿ" ಅಂದರು.

ಅತ್ತೆ ಬೆಕ್ಕಿನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು, ಮಡಿ ಸೀರೆಯಲ್ಲೇ. ನಾನು ಅಡುಗೆಮನೆಗೆ ನುಗ್ಗಿದೆ. ಆ ಮನೆಗೆ ಬಂದು ಅಷ್ಟು ವರ್ಷವಾಗಿದ್ದರೂ ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಸಾಸಿವೆ ಸಿಕ್ಕಿತು, ಹುಣಸೆಹಣ್ಣು ಸಿಕ್ಕಿತು, ವಿಭೂತಿ ಗಟ್ಟಿ ಸಿಕ್ಕಿತು. ಹೊರಗಿನಿಂದ ಅತ್ತೆ ಕೂಗಿದರು. "ಮ್ಯಾಗಲ ಅಲಗೆ ಕಣೋ. ಎಡಗಡೀಕೆ. ಕೆಂಪು ಮುಚ್ಚಳ. ಕಣ್ಣಿಲ್ವಾ ನಿಂಗೆ, ಬ್ಯಾಗ ಬಾರೋ."

ಏಕವಚನ. ಆ ಹೊತ್ತಿನಲ್ಲೂ ಅದು ನನ್ನ ಕಿವಿಗೆ ಬಿತ್ತು.

ಅವರು ಬಾಯಿ ಬಿಡಿಸಿ ಹಿಡಿದರು, ನಾನು ಬೆರಳಲ್ಲಿ ಜೇನು ಸವರಿದೆ. ಮತ್ತೆ ಸವರಿದೆ. ನಮ್ಮಿಬ್ಬರ ತಲೆಗಳು ಒಂದಕ್ಕೊಂದು ತಾಗುತ್ತಿದ್ದವು. ಅವರ ಸೆರಗು ಹೆಗಲಿಗೆ ಜಾರಿತ್ತು, ನಾನು ಅವರ ತಲೆಗೂದಲನ್ನು ನೋಡಿದ್ದು ಅವತ್ತೇ ಮೊದಲು, ಎಲ್ಲ ಬೆಳ್ಳಗಾಗಿತ್ತು. "ನುಂಗ್ಲಾ, ನನ್ನಪ್ಪ, ನುಂಗು" ಎನ್ನುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ನಾಲಿಗೆ ಸ್ವಲ್ಪ ಹೊರಗೆ ಬಂತು. ನನ್ನ ಬೆರಳನ್ನು ಒಂದು ಸಲ ನೆಕ್ಕಿತು. ಆಮೇಲೆ ಇನ್ನೊಂದು ಸಲ. ಆಮೇಲೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, ಇಷ್ಟು ಹತ್ತಿರ ಯಾಕೆ ಬಂದಿದ್ದೀರಿ ಅನ್ನುವ ಮುಖ ಮಾಡಿತು.

ಎದ್ದು ನಿಂತು ತಟ್ಟೆಗೆ ಬಾಯಿ ಹಾಕಿದ ಮೇಲೆ ಮತ್ತೆ ಕಿವಿ ಚುಚ್ಚಿದೆ. ತೊಂಬತ್ತು ದಾಟಿತ್ತು. ಸಂಜೆಯ ಸೂಜಿ ಬೇಡ, ದಿನವೆಲ್ಲ ಅರ್ಧರ್ಧ ಗಂಟೆಗೆ ನೋಡುತ್ತಾ ಇರಿ, ನಾಳೆ ಕರೆದುಕೊಂಡು ಬನ್ನಿ ಅಂದರು ಡಾಕ್ಟರು. ಫೋನು ಇಟ್ಟ ಕೂಡಲೇ ನನ್ನ ಭಯವೆಲ್ಲ ಸಿಟ್ಟಾಗಿ ತಿರುಗಿತು. ಬೆಕ್ಕಿನ ಕಡೆ ನೋಡುವುದನ್ನೂ ಮರೆತು ಅತ್ತೆಯ ಮುಖಕ್ಕೇ ಕೇಳಿದೆ.

"ತಿಂಡಿ ಆಯ್ತು ಅಂದ್ರಲ್ಲ?"

"ನನ್ನ ಕೇಳಿದ್ರಿ ಅಂದ್ಕಂಡೆ."

ಮತ್ತೆ ಬಹುವಚನಕ್ಕೆ ಹೋಗಿದ್ದರು, ಆದರೆ ಬೆಕ್ಕಿಗೆ ಹೇಳಲಿಲ್ಲ, ನನಗೇ ಹೇಳಿದರು. ನನಗೆ ನಗು ಬಂತು. ಇಬ್ಬರೂ ಸೇರಿ ಒಂದು ಜೀವವನ್ನು ಒಂದು ಮಾತಿನ ನಡುವೆ ಬೀಳಿಸಿಬಿಟ್ಟಿದ್ದೆವು. ಸಿಟ್ಟು ಇಳಿದು, ಸುಮ್ಮನೆ ಮಾತಿಗೆಂದು, "ಸದ್ಯ, ನಿಮ್ಮದಾದರೂ ಆಗಿತ್ತಲ್ಲ" ಅಂದೆ.

ಅವರು ಜೇನು ಮೆತ್ತಿದ ಸೆರಗನ್ನು ತಿಕ್ಕುತ್ತಾ ಕೂತರು.

"ಆಗಿಲ್ವಾ?"

"ಇಲ್ಲ."

"ಮತ್ತೆ ಆಯ್ತು ಅಂದ್ರಿ?"

"ಅಂಗನ್ನದಲ್ವಾ" ಅಂದರು.

ಆಮೇಲೆ ಅವರಾಗಿಯೇ ಹೇಳಿದರು, ಇದರಲ್ಲಿ ಹೇಳುವುದೇನಿದೆ ಅನ್ನುವ ಹಾಗೆ. ಅಳಿಯ ಮನೆಯಲ್ಲಿರುವಾಗ ಅತ್ತೆಯಾದವಳು ತಟ್ಟೆ ಹಾಕಿಕೊಂಡು ಕೂರಬಾರದಂತೆ. ನಾನು ಕೆಲಸಕ್ಕೆ ಹೊರಟ ಮೇಲೆ ತಿನ್ನುವುದಂತೆ. ಮೊದಲನೇ ಶಿಫ್ಟಾದರೆ ಬೇಗ, ಎರಡನೇ ಶಿಫ್ಟಾದರೆ ಮಧ್ಯಾಹ್ನದ ಮೇಲೆ. ಬರಬರುತ್ತಾ ಅಭ್ಯಾಸವಾಗಿಬಿಡುತ್ತದಂತೆ.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ನೀವು ಬಂದಾಗಿಂದ."

ನನ್ನ ಎರಡನೇ ಶಿಫ್ಟಿನ ವಾರಗಳೆಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತವು. ಪೇಪರ್ ಹಿಡಿದು ಕೂತ ಬೆಳಿಗ್ಗೆಗಳು, ಇನ್ನೊಂದು ಕಾಫಿ ತರಿಸಿಕೊಂಡದ್ದು, ಬಿಸಿಲು ಇಳಿಯಲಿ ಎಂದು ನಿಧಾನ ಮಾಡಿದ್ದು. ಅವರ ಮೇಲೆ ಸಿಟ್ಟು ಬಂತು, ಅವರಿಗೆ ಇದನ್ನು ಕಲಿಸಿದವರ ಮೇಲೂ ಬಂತು. ಕಾರ್ಖಾನೆಗೆ ಫೋನು ಮಾಡಿ ಇವತ್ತು ಬರುವುದಿಲ್ಲ, ಮನೆಯಲ್ಲಿ ಹುಷಾರಿಲ್ಲ ಅಂದೆ.

ಅತ್ತೆ ತಲೆಯೆತ್ತಿ ನೋಡಿದರು. "ಯಾಕೆ, ಓಗಲ್ವಾ?"

"ಇಲ್ಲ. ಅರ್ಧರ್ಧ ಗಂಟೆಗೆ ಇದರ ಕಿವಿ ನೋಡಬೇಕಲ್ಲ. ನೀವು ಮೊದಲು ತಿನ್ನಿ."

ಅವರಿಗೆ ನಿಜವಾಗಿಯೂ ದಿಕ್ಕು ತೋಚಲಿಲ್ಲ. ಉಪ್ಪಿಟ್ಟಿನ ಪಾತ್ರೆಯನ್ನೂ ನನ್ನನ್ನೂ ಒಂದು ಸಲ ನೋಡಿದರು.

"ನೀವು ಓಗ್ದಿದ್ರೆ ನಾನ್ ತಿನ್ನದು ಯಾವಾಗ?" ಅಂದರು.

ವಾದ ಮಾಡಬಹುದಿತ್ತು, ನಮ್ಮ ಮನೆಯವರಾಗಿದ್ದರೆ ಮಾಡುತ್ತಿದ್ದರು. ನಾನು ಒಳಗೆ ಹೋಗಿ ಕಾರ್ಖಾನೆಯ ಷರ್ಟು ಹಾಕಿಕೊಂಡೆ, ಚಪ್ಪಲಿ ಮೆಟ್ಟಿದೆ. ಬೆಕ್ಕನ್ನೂ ಮೀಟರನ್ನೂ ಎತ್ತಿಕೊಂಡು, "ಬರ್ತೀನಿ ಅತ್ತೆ" ಎಂದು ಹೇಳಿ, ಬೀದಿಬಾಗಿಲನ್ನು ಎಳೆದುಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತೆ. ಎದುರುಮನೆಯ ಮೇಷ್ಟ್ರು ಏನು ಸಮಾಚಾರ ಅಂದರು, ಏನಿಲ್ಲ ಸಾ ಅಂದೆ. ಒಳಗೆ ತಟ್ಟೆ ನೆಲಕ್ಕೆ ಇಟ್ಟ ಸದ್ದು ಕೇಳಿಸಿತು. ಅದನ್ನು ಎತ್ತಿ ತೊಳೆಯುವ ಸದ್ದು ಕೇಳುವವರೆಗೂ ನಾನು ಅಲ್ಲಿಂದ ಏಳಲಿಲ್ಲ.